ಸೈಕಲ್ ತುಳಿಯುವವರಿಗೆ ರಸ್ತೆಯ ಅಂಚು ಮಾತ್ರ ಎಂದು ತೀರ್ಮಾನಿಸಿದವರು ಯಾರು?

ಎದುರುಗಾಳಿ

ಕೆಲಸಕ್ಕೆ ಹೋಗಿಬರಲು ನಾನು ಸೈಕಲ್ಲನ್ನೇ ನೆಚ್ಚಿಕೊಂಡವನು. ಹೊರಡುವಾಗ ತಲೆಯ ತುಂಬ ಬೆಳಗಿನ ಸುದ್ದಿಯ ಗದ್ದಲ ಇರುತ್ತದೆ. ಯಾರು ಯಾರನ್ನು ಬೈದರು, ಯಾವ ಪಕ್ಷ ಒಡೆಯಿತು, ಯಾವ ಹೇಳಿಕೆಗೆ ಯಾರು ಏನೆಂದು ತಿರುಗೇಟು ಕೊಟ್ಟರು. ಮೊದಲ ಏರು ಹತ್ತುವಷ್ಟರಲ್ಲಿ ಅದರಲ್ಲಿ ಮುಕ್ಕಾಲು ಪಾಲು ಉದುರಿಹೋಗಿರುತ್ತದೆ. ಏದುಸಿರು ಬಿಡುತ್ತಿರುವಾಗ ಮನಸ್ಸು ಒಂದಕ್ಕಿಂತ ಹೆಚ್ಚು ವಿಷಯ ಹಿಡಿದುಕೊಳ್ಳುವುದಿಲ್ಲ. ಆ ಏರು ದಾಟಿದ ಮೇಲೂ ಉಳಿದ ಯೋಚನೆಯೇ ಯೋಚಿಸಲು ಯೋಗ್ಯವಾದದ್ದು ಎಂದು ನನಗೆ ಅನ್ನಿಸತೊಡಗಿದೆ.

ಹಾಗೆ ಉಳಿದುಕೊಂಡ ಒಂದು ಯೋಚನೆಯನ್ನು ನಿಮ್ಮ ಮುಂದಿಡುತ್ತೇನೆ. ನಾನು ಓಡಾಡುವ ರಸ್ತೆ ಸಾಕಷ್ಟು ಅಗಲವಾಗಿದೆ. ಆದರೆ ಸೈಕಲ್ಲಿಗೆ ಸಿಗುವುದು ಅಂಚಿನ ಒಂದು ತೋಳಿನಷ್ಟು ಜಾಗ. ಮಳೆನೀರು ನಿಲ್ಲುವುದು ಅಲ್ಲೇ, ಜಲ್ಲಿ ಬಂದು ಸೇರುವುದು ಅಲ್ಲೇ, ಚರಂಡಿ ಮುಚ್ಚಳ ಕುಸಿದಿರುವುದೂ ಅಲ್ಲೇ. ಗಾಡಿ ನಿಲ್ಲಿಸಿದವರು ಹಿಂದೆ ನೋಡದೆ ಬಾಗಿಲು ತೆರೆಯುವುದೂ ಅದೇ ಜಾಗಕ್ಕೆ. ಇದೆಲ್ಲ ತಾನಾಗಿ ಆದದ್ದಲ್ಲ. ಇಷ್ಟು ಅಡಿ ವೇಗಕ್ಕೆ, ಇಷ್ಟು ಅಡಿ ನಿಲುಗಡೆಗೆ, ಮಿಕ್ಕಿದ್ದು ಉಳಿದವರಿಗೆ ಎಂದು ಯಾರೋ ನಕ್ಷೆಯ ಮೇಲೆ ಗೆರೆ ಎಳೆದಿದ್ದಾರೆ. ಸಿಗ್ನಲ್ಲಿನಲ್ಲಿ ನಡೆಯುವವರಿಗೆ ಎಷ್ಟು ಸೆಕೆಂಡು ಹಸಿರು ಎಂಬುದನ್ನೂ ಯಾರೋ ಕೂತು ನಿಗದಿ ಮಾಡಿದ್ದಾರೆ. ವಯಸ್ಸಾದವರು ರಸ್ತೆ ಮಧ್ಯದಲ್ಲಿರುವಾಗಲೇ ಕೆಂಪು ಬಿದ್ದರೆ, ಅವರ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದೇ ಅರ್ಥ. ರಾಜಕೀಯ ಅಂದರೆ ನನಗೆ ಈಗೀಗ ಮೊದಲು ನೆನಪಾಗುವುದು ಈ ಗೆರೆ.

ನೆದರ್‌ಲ್ಯಾಂಡ್ಸ್ ಹೆಸರು ಎತ್ತಿದರೆ ಸಾಕು, "ಅವರದು ಸಮತಟ್ಟು ನೆಲ, ಅವರ ಸಂಸ್ಕೃತಿಯೇ ಹಾಗೆ" ಎನ್ನುತ್ತಾರೆ. ಅಲ್ಲಿಯೂ ಎರಡನೇ ಮಹಾಯುದ್ಧದ ನಂತರ ಕಾರಿಗಾಗಿ ಕಾಲುವೆ ಮುಚ್ಚಿದರು, ಹಳೆಯ ಬೀದಿಗಳನ್ನು ಒಡೆದರು, ಸೈಕಲ್ ಸವಾರಿ ವರ್ಷದಿಂದ ವರ್ಷಕ್ಕೆ ಕುಗ್ಗಿತು. 1971ರಲ್ಲಿ ಆ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪಘಾತದಲ್ಲಿ ತನ್ನ ಮಗುವನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ ಬರೆದ ಲೇಖನದ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು: ಮಕ್ಕಳ ಕೊಲೆ ನಿಲ್ಲಿಸಿ. ತಂದೆತಾಯಿಯರು ಮಕ್ಕಳ ಜೊತೆ ಬೀದಿಗೆ ಇಳಿದು ರಸ್ತೆ ತಡೆದರು. ಮರುವರ್ಷ ತೈಲ ಬಿಕ್ಕಟ್ಟು ಬಂದಾಗ ಸರ್ಕಾರ ಕೆಲವು ಭಾನುವಾರ ಕಾರುಗಳನ್ನು ನಿಲ್ಲಿಸಿತು. ತಮ್ಮ ರಸ್ತೆ ಎಷ್ಟು ದೊಡ್ಡದು ಎಂದು ಜನ ಆಗ ಕಂಡುಕೊಂಡರು. ಇವತ್ತು ನಾವು ಚಿತ್ರಗಳಲ್ಲಿ ನೋಡಿ ಮೆಚ್ಚುವ ಪಥಗಳು ಬಂದದ್ದು ಅದರ ನಂತರ. ನೆಲ ಮೊದಲೂ ಸಮತಟ್ಟಾಗಿಯೇ ಇತ್ತು, ಮಾರ್ಪಟ್ಟದ್ದು ತೀರ್ಮಾನ.

ಸೈಕಲ್ ನಿಮ್ಮ ದಿನನಿತ್ಯದಲ್ಲಿ ಏನು? ಅದರ ಮೇಲೆ ಕೂತು ನೋಡಿದಾಗ ನಿಮ್ಮ ರಾಜಕೀಯ ಏನಾದರೂ ಬದಲಾಗಿದೆಯೇ? ಯಾರಾದರೂ ಏನನ್ನಾದರೂ ಕೇಳಿ ಪಡೆದಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಮೂರನೇ ಗೇರ್

ಎದುರುಗಾಳಿ ಅವರೇ, ಬರಹ ಚೆನ್ನಾಗಿದೆ, ಆದರೆ ನನ್ನ ಅನುಭವ ಇದಕ್ಕೆ ತದ್ವಿರುದ್ಧ. ರಾಜಕೀಯ ನನ್ನ ಬೆನ್ನು ಬಿಡುವ ಜಾಗ ಸೈಕಲ್ ಒಂದೇ. ಮನೆಯಲ್ಲಿ ಊಟಕ್ಕೆ ಕೂತರೆ ಚರ್ಚೆ, ಕಚೇರಿಯಲ್ಲಿ ಚರ್ಚೆ, ಫೋನ್ ತೆರೆದರೆ ಜಗಳ. ಬೆಳಗಿನ ಜಾವ ಒಂದು ತಾಸು ತುಳಿದು ಬರುವಾಗ ನನಗೆ ಕಾಣುವುದು ಮರ, ಮಂಜು, ಎದುರು ಬಂದವರ ಒಂದು ನಗು. ಅವರು ಯಾರಿಗೆ ಮತ ಹಾಕಿದ್ದಾರೆ ಎಂದು ನನಗೆ ತಿಳಿಯಬೇಕಿಲ್ಲ. ಮನುಷ್ಯ ಮನುಷ್ಯನನ್ನು ಬರಿ ಮನುಷ್ಯನಾಗಿ ಕಾಣುವ ಇಂಥ ಜಾಗಗಳು ಕಡಿಮೆಯಾಗುತ್ತಿವೆ. ಇಲ್ಲಿಗೂ ಚಳವಳಿ, ಬೇಡಿಕೆ ಎಂದು ತಂದರೆ ಇದೂ ಎರಡು ಬಣವಾಗುತ್ತದೆ. ನನ್ನ ಭಯ ಅದು.

ಹಿಂದಿನ ಕ್ಯಾರಿಯರ್

ಮೂರನೇ ಗೇರ್ ಅವರೇ, ಬೆಳಗಿನ ಜಾವ ಒಂದು ತಾಸು ಒಬ್ಬರೇ ಹೋಗಿಬರಲು ನಿಮಗೆ ಆಗುತ್ತದೆ. ಸಂತೋಷ. ನನಗೆ ಆಗುವುದಿಲ್ಲ. ಆ ಹೊತ್ತಿಗೆ ಹೊರಗೆ ಹೋಗಬೇಕಾದರೆ ಹೆಣ್ಣಾದವಳು ಮೊದಲು ದೀಪ ಎಲ್ಲಿದೆ, ಎಲ್ಲಿ ಇಲ್ಲ, ಯಾವ ತಿರುವಿನಲ್ಲಿ ಜನ ಇರುತ್ತಾರೆ ಎಂದು ಲೆಕ್ಕ ಹಾಕುತ್ತಾಳೆ. ನೀವು ಬಿಟ್ಟುಬಂದೆ ಎನ್ನುವ ರಾಜಕೀಯ ನನ್ನ ಜೊತೆಗೇ ಕ್ಯಾರಿಯರ್ ಮೇಲೆ ಕೂತು ಬರುತ್ತದೆ.

ಇದು ಹೊಸ ಮಾತೂ ಅಲ್ಲ. ಅಮೆರಿಕದಲ್ಲಿ ಹೆಂಗಸರ ಮತದ ಹಕ್ಕಿಗಾಗಿ ಬದುಕಿಡೀ ಹೋರಾಡಿದ ಸೂಸನ್ ಬಿ. ಆಂಟನಿ 1896ರ ಒಂದು ಸಂದರ್ಶನದಲ್ಲಿ, ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಜಗತ್ತಿನಲ್ಲಿ ಬೇರೆ ಇಲ್ಲ ಎಂಬ ಅರ್ಥದ ಮಾತು ಹೇಳಿದ್ದರು. ಆ ಕಾಲದ ವೈದ್ಯರಲ್ಲಿ ಕೆಲವರು ಸೈಕಲ್ ತುಳಿದರೆ ಹೆಣ್ಣಿನ ಮುಖ ವಿಕಾರವಾಗುತ್ತದೆ ಎಂದೂ ಹೆದರಿಸಿದ್ದರು. ಬಿಗಿಯಾದ, ನೆಲಕ್ಕೆ ತಾಗುವ ಉಡುಪು ಸಡಿಲಾಗಲು ಚೈನಿಗೆ ಸಿಕ್ಕಿಕೊಳ್ಳುವ ಅಂಚೂ ಒಂದು ಕಾರಣ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಬಿಹಾರ. ಅಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರ್ಕಾರ ಹಣ ಕೊಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಬಿಹಾರದ ಹುಡುಗಿಯರನ್ನು ಅಲ್ಲಿಯ ಹುಡುಗರ ಜೊತೆ, ಪಕ್ಕದ ಜಾರ್ಖಂಡಿನ ಮಕ್ಕಳ ಜೊತೆ ಹೋಲಿಸಿ ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು. ಅಂದರೆ ಆ ಹುಡುಗಿಯರನ್ನು ಮನೆಯಲ್ಲಿ ಉಳಿಸಿದ್ದು ಓದಿನ ಮೇಲಿನ ಅನಾಸಕ್ತಿ ಅಲ್ಲ, ದೂರ. ಗುಂಪಾಗಿ ಸೈಕಲ್ ತುಳಿದು ಹೋಗುವ ಹುಡುಗಿಯರನ್ನು ನೋಡಿ ನೋಡಿ ಊರಿನ ಕಣ್ಣೂ ಪಳಗುತ್ತದೆ. ಹಾಗಿರುವಾಗ ಇದರಲ್ಲಿ ರಾಜಕೀಯ ಇಲ್ಲ ಎಂದು ನಾನು ಹೇಗೆ ಹೇಳಲಿ?

ಸ್ಟೀರಿಂಗ್ ಹಿಡಿದವನು

ನಾನು ಗಾಡಿ ಓಡಿಸಿ ಬದುಕುವವನು. ಎಲ್ಲರೂ ಸೈಕಲ್ ಪರವಾಗಿ ಬರೆಯುವ ಕಡೆ ಒಬ್ಬ ಚಾಲಕನ ಮಾತೂ ಇರಲಿ ಎಂದು ಬರೆಯುತ್ತಿದ್ದೇನೆ. ನನ್ನ ದುಡಿಮೆ ಗಂಟೆಯ ಲೆಕ್ಕದ್ದು. ರಸ್ತೆ ಕಿರಿದಾದರೆ ನನ್ನ ಸಂಜೆ ಉದ್ದವಾಗುತ್ತದೆ. ರಾತ್ರಿ ಹಿಂದೆ ದೀಪವಿಲ್ಲದೆ, ಒಂದು ಚೂರು ಪ್ರತಿಫಲಕವೂ ಇಲ್ಲದೆ ಬರುವ ಸೈಕಲ್ ಕೊನೆಯ ಗಳಿಗೆಯಲ್ಲಿ ಕಂಡಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ಗೊತ್ತೇ? ಯಾರನ್ನಾದರೂ ಗುದ್ದಿಬಿಟ್ಟೆನೇನೋ ಎಂಬ ಭಯ ಮನೆಗೆ ಹೋದ ಮೇಲೂ ಬಿಡುವುದಿಲ್ಲ. ನಾವು ಯಾರೂ ಕೊಲ್ಲಲು ರಸ್ತೆಗೆ ಇಳಿಯುವುದಿಲ್ಲ.

ಬಾಗಿಲಿನ ವಿಷಯ ಎದುರುಗಾಳಿ ಹೇಳಿದ್ದು ನಿಜ. ಅದಕ್ಕೆ ಒಂದು ಸುಲಭದ ಅಭ್ಯಾಸವಿದೆ, ಡಚ್ಚರು ಕಲಿಸುವುದು. ಬಾಗಿಲಿನ ಹಿಡಿಕೆಯನ್ನು ಬಾಗಿಲ ಪಕ್ಕದ ಕೈಯಿಂದ ಹಿಡಿಯಬಾರದು, ಆಚೆ ಕೈಯಿಂದ ಹಿಡಿಯಬೇಕು. ಆಗ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಯನ್ನೂ ಹಿಂದಿನ ರಸ್ತೆಯನ್ನೂ ನೋಡಿಯೇ ನೋಡುತ್ತದೆ. ನನ್ನ ಗಾಡಿಯಲ್ಲಿ ಹಿಂದೆ ಕೂತವರಿಗೂ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ.

ಓಣಿಯ ತಿರುವು

ಸ್ಟೀರಿಂಗ್ ಅವರ ಬಾಗಿಲಿನ ಮಾತಿಗೆ ಕೈಮುಗಿದೆ. ಇವತ್ತೇ ಮನೆಯಲ್ಲಿ ಎಲ್ಲರಿಗೂ ತೋರಿಸುತ್ತೇನೆ.

ಎದುರುಗಾಳಿ

ಸ್ಟೀರಿಂಗ್ ಅವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಎದೆಬಡಿತಕ್ಕೂ ನಮ್ಮದಕ್ಕೂ ಕಾರಣ ಒಂದೇ, ವೇಗ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. 30ರಲ್ಲಾದರೆ ಎಂಟು ಚಿಲ್ಲರೆ ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ 30ರಲ್ಲಿ ಬರುತ್ತಿದ್ದ ಗಾಡಿ ಹದಿಮೂರು ಹದಿನಾಲ್ಕು ಮೀಟರಿನೊಳಗೆ ಪೂರ್ತಿ ನಿಂತಿರುತ್ತದೆ. ಅದೇ ಜಾಗದಲ್ಲಿ 50ರ ಗಾಡಿಗೆ ಇನ್ನೂ ಬ್ರೇಕೇ ಬಿದ್ದಿರುವುದಿಲ್ಲ, ಅದು ಪೂರ್ತಿ ವೇಗದಲ್ಲೇ ಇರುತ್ತದೆ. 30ರ ಗಾಡಿಯ ಮುಂದೆ ಸಿಕ್ಕವರು ಹೆದರಿ ಮನೆಗೆ ಹೋಗುತ್ತಾರೆ, 50ರದ್ದರ ಮುಂದೆ ಸಿಕ್ಕವರು ಹೋಗುವುದೇ ಇಲ್ಲ. ವೇಗ ಏರಿದಂತೆ ಪೆಟ್ಟಿನ ಶಕ್ತಿ ವೇಗದ ವರ್ಗದ (ವೇಗವನ್ನು ವೇಗದಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರುವುದರಿಂದ 50ರ ಪೆಟ್ಟು 30ರದ್ದಕ್ಕಿಂತ ಎರಡೂಮುಕ್ಕಾಲು ಪಟ್ಟು.

ಅದಕ್ಕೇ ರಸ್ತೆ ಸುರಕ್ಷತೆಯ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ, ನಡೆಯುವವರೂ ಸೈಕಲ್ಲಿನವರೂ ಗಾಡಿಗಳೂ ಬೆರೆಯುವ ಕಡೆ ಗರಿಷ್ಠ 30 ಇರಲಿ ಎಂದಿತು. ಹೆಚ್ಚಿನ ವೇಗ ಸುರಕ್ಷಿತ ಎಂಬುದಕ್ಕೆ ಗಟ್ಟಿ ಪುರಾವೆ ಇರುವ ಕಡೆಗೆ ಮಾತ್ರ ವಿನಾಯಿತಿ. ವಿಶ್ವಸಂಸ್ಥೆಯ ಮಹಾಸಭೆ ಅದೇ ವರ್ಷ ಆ ಘೋಷಣೆಯನ್ನು ಒಪ್ಪಿತು. ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಲೆಕ್ಕ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವವರು, ಸೈಕಲ್ಲಿನವರು, ಬೈಕಿನವರು. ಇಷ್ಟು ಜನ ಒಂದು ಯುದ್ಧದಲ್ಲಿ ಸತ್ತಿದ್ದರೆ ಸಂಸತ್ತುಗಳು ರಾತ್ರಿಯಿಡೀ ಕೂರುತ್ತಿದ್ದವು.

ನಿಮ್ಮ ದುಡಿಮೆಯ ಗಂಟೆಯ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಹೊತ್ತಿನ ಮೇಲೆ ಕೂಲಿ ನಿಂತಿರುವವರನ್ನು ಅವಸರಕ್ಕೆ ನೂಕಿ, ಆಮೇಲೆ ಅವಸರ ಮಾಡಿದರೆಂದು ದಂಡ ಹಾಕುವುದು ಅನ್ಯಾಯ. ರಸ್ತೆ ಬದಲಾಯಿಸುವಾಗ ಚಾಲಕರ ಕೂಲಿಯ ಲೆಕ್ಕವೂ ಬದಲಾಗಬೇಕು. ಆ ಬೇಡಿಕೆಯಲ್ಲಿ ನಾನು ನಿಮ್ಮ ಜೊತೆಗಿದ್ದೇನೆ.

ಹಳೆಯ ಅಡ್ಡಕಂಬಿ

ಚರಿತ್ರೆಯ ಒಂದು ಪುಟ ಸೇರಿಸುತ್ತೇನೆ. ನಯವಾದ ರಸ್ತೆ ಕಾರಿನವರು ತಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಅದರ ಹಿಂದೆ ಸೈಕಲ್ಲಿನ ಕಥೆಯಿದೆ. ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ ಎರಡು ಗಾಲಿಯ ಯಂತ್ರಕ್ಕೆ ಪೆಡಲ್ಲೇ ಇರಲಿಲ್ಲ, ನೆಲವನ್ನು ಕಾಲಿನಿಂದ ಒದ್ದು ಹೋಗಬೇಕಿತ್ತು. 1885ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಸಮ ಗಾಲಿಯ, ಹಿಂದಿನ ಗಾಲಿಗೆ ಚೈನಿರುವ ರೋವರ್ ಎಂಬ ಸೈಕಲ್ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದರು. ಅದಾದ ಮೇಲೆ ಸೈಕಲ್ ಸಾಹಸಿಗಳ ಆಟಿಕೆಯಾಗಿ ಉಳಿಯದೆ ಎಲ್ಲರದ್ದಾಯಿತು. ಕೆಸರು ರಸ್ತೆಯಲ್ಲಿ ಒದ್ದಾಡಿದ ಸೈಕಲ್ ಸವಾರರೇ ಅಮೆರಿಕದಲ್ಲಿ 'ಒಳ್ಳೆಯ ರಸ್ತೆ' ಚಳವಳಿಯನ್ನು ಮುನ್ನಡೆಸಿದರು. ಅದರ ಮುಂದಾಳು ಸಂಘಟನೆ 1880ರಲ್ಲಿ ಹುಟ್ಟಿದ ಲೀಗ್ ಆಫ್ ಅಮೆರಿಕನ್ ವೀಲ್ಮೆನ್. ಕರಪತ್ರ ಹಂಚಿದರು, ಜನಪ್ರತಿನಿಧಿಗಳ ಬಾಗಿಲು ತಟ್ಟಿದರು, ಸರ್ಕಾರವನ್ನು ಒಪ್ಪಿಸಿದರು. ಆ ರಸ್ತೆಗಳ ಮೇಲೆ ಆಮೇಲೆ ಕಾರು ಬಂತು, ರಸ್ತೆ ಕೇಳಿದವರು ಅಂಚಿಗೆ ಸರಿದರು.

ಆದರೆ ಅದೇ ಸಂಘಟನೆ 1894ರಲ್ಲಿ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಎಂದು ನಿಯಮ ಮಾಡಿತು. ಅದಾಗಿ ಐದೇ ವರ್ಷಕ್ಕೆ, 1899ರಲ್ಲಿ, ಮಾರ್ಷಲ್ ಟೇಲರ್ ಎಂಬ ಕಪ್ಪು ಸವಾರ ಮಾಂಟ್ರಿಯಲ್‌ನಲ್ಲಿ ಸ್ಪ್ರಿಂಟ್ ವಿಶ್ವ ಚಾಂಪಿಯನ್ ಆದರು. ಹೋಟೆಲುಗಳು ಅವರಿಗೆ ಕೋಣೆ ಕೊಡುತ್ತಿರಲಿಲ್ಲ. ಪಂದ್ಯದಲ್ಲಿ ಬಿಳಿಯ ಸವಾರರು ಒಟ್ಟುಗೂಡಿ ಅವರನ್ನು ನಡುವೆ ಸಿಕ್ಕಿಸಿ ಬೀಳಿಸಲು ನೋಡುತ್ತಿದ್ದರು. ಆ ನಿಷೇಧವನ್ನು ಸಂಘಟನೆ ಅಧಿಕೃತವಾಗಿ ತೆಗೆದುಹಾಕಿದ್ದು 1999ರಲ್ಲಿ. ಟೇಲರ್ ಸತ್ತು ಅಷ್ಟು ಹೊತ್ತಿಗೆ ಅರುವತ್ತಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಇದನ್ನು ಏಕೆ ಬರೆದೆನೆಂದರೆ, ಸೈಕಲ್ ತುಳಿಯುವವರೆಲ್ಲ ತಾನಾಗಿ ಒಳ್ಳೆಯವರು ಎಂಬ ಭಾವನೆ ನಮ್ಮ ಮಾತಿನಲ್ಲಿ ಆಗಾಗ ಇಣುಕುತ್ತದೆ. ನಾವು ಯಾರಿಗಾಗಿ ರಸ್ತೆ ಕೇಳುತ್ತಿದ್ದೇವೆ ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ದುಬಾರಿ ಸೈಕಲ್ಲಿನ ವಾರಾಂತ್ಯದ ಸವಾರರಿಗೋ, ಹಳೆಯ ಸೈಕಲ್ಲಿಗೆ ಮೂಟೆ ಕಟ್ಟಿಕೊಂಡು ಹೋಗುವವರಿಗೋ? ಎರಡನೆಯವರು ಇಂಥ ಚರ್ಚೆಗಳಿಗೆ ಬರುವುದೇ ಇಲ್ಲ, ಅವರಿಗೆ ಬಿಡುವಿಲ್ಲ.

ಬಿಳಿ ಕೋಲು

ಅಡ್ಡಕಂಬಿ ಅವರ ಮಾತಿಗೆ ನನ್ನದೊಂದು ಜೋಡಣೆ. ನನಗೆ ಕಣ್ಣು ಕಾಣುವುದಿಲ್ಲ, ಕೋಲು ಹಿಡಿದು ನಡೆಯುತ್ತೇನೆ. ಕಾರು ಬರುವುದು ನನಗೆ ಕೇಳಿಸುತ್ತದೆ. ಸೈಕಲ್ ಕೇಳಿಸುವುದಿಲ್ಲ. ರಸ್ತೆಯಲ್ಲಿ ಭಯವಾಯಿತೆಂದು ಕಾಲುದಾರಿ ಹತ್ತುವ ಸವಾರರು ತಮ್ಮ ಭಯವನ್ನು ನನಗೆ ದಾಟಿಸುತ್ತಾರೆ, ಅಷ್ಟೇ. ಎಷ್ಟೋ ಕಡೆ ಸೈಕಲ್ ಪಥವನ್ನು ಕಾಲುದಾರಿಯಿಂದಲೇ ಕತ್ತರಿಸಿ ಕೊಡುತ್ತಾರೆ, ಕಾರಿನ ಪಾಲಿನಿಂದ ಒಂದು ಅಡಿಯೂ ತೆಗೆಯುವುದಿಲ್ಲ. ಬಣ್ಣ ಬೇರೆ ಮಾಡಿದ್ದೇವೆ ಎನ್ನುತ್ತಾರೆ. ಬಣ್ಣದಿಂದ ನನಗೇನು ಉಪಯೋಗ? ಎರಡರ ನಡುವೆ ಕೋಲಿಗೆ ತಾಗುವ ಎತ್ತರದ ಅಂಚು ಬೇಕು. ದುರ್ಬಲರಿಂದ ಕಿತ್ತು ಇನ್ನೊಬ್ಬ ದುರ್ಬಲರಿಗೆ ಕೊಡುವ ಯೋಜನೆಗೆ ನೀವು ಯಾರೂ ಚಪ್ಪಾಳೆ ತಟ್ಟಬಾರದು ಎಂದು ನನ್ನ ಕೋರಿಕೆ.

ಹಿಂದಿನ ಕ್ಯಾರಿಯರ್

ಬಿಳಿ ಕೋಲು ಅವರೇ, ಖಂಡಿತ. ಬೆಲ್ ಹೊಡೆದರೆ ನಿಮಗೆ ಅನುಕೂಲವೋ, ಇನ್ನೂ ಗಾಬರಿಯೋ?

ಬಿಳಿ ಕೋಲು

ದೂರದಿಂದ ಒಮ್ಮೆ ಹೊಡೆದರೆ ಅನುಕೂಲ. ಬೆನ್ನಿಗೇ ಬಂದು ಹೊಡೆದರೆ ಯಾವ ಕಡೆ ಸರಿಯಬೇಕೆಂದು ತಿಳಿಯುವುದಿಲ್ಲ. "ನಿಮ್ಮ ಬಲಗಡೆಯಿಂದ ಬರುತ್ತಿದ್ದೇನೆ" ಎಂದು ಬಾಯಿಂದ ಹೇಳಿದರೆ ಎಲ್ಲಕ್ಕಿಂತ ಒಳ್ಳೆಯದು.

ಓಣಿಯ ತಿರುವು

ಕೇಳಿ ಪಡೆದವರಿದ್ದರೆ ಬರೆಯಿರಿ ಎಂದು ಮೊದಲ ಬರಹದಲ್ಲಿ ಇತ್ತು. ನಮ್ಮ ಅನುಭವ ಹೇಳುತ್ತೇನೆ, ಅರ್ಧ ಗೆಲುವು, ಅರ್ಧ ಸೋಲು. ಶಾಲೆಯ ಮುಂದಿನ ರಸ್ತೆಗೆ ಸೈಕಲ್ ಪಥ ಬೇಕೆಂದು ನಾವು ಕೆಲವು ತಾಯಂದಿರು ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಟ್ಟೆವು. ಬಹಳ ಕಾಲ ಉತ್ತರವಿಲ್ಲ. ಕೊನೆಗೆ ಒಂದು ದಿನ ಬಂದು ರಸ್ತೆ ಮೇಲೆ ಪಟ್ಟಿ ಬಳಿದು ಹೋದರು. ವಾರ ಕಳೆಯುವುದರೊಳಗೆ ಅದು ಕಾರು ನಿಲ್ಲಿಸುವ ಜಾಗವಾಯಿತು. ಮಕ್ಕಳು ಈಗ ಪಟ್ಟಿಯಲ್ಲಿ ನಿಂತ ಕಾರನ್ನು ಬಳಸಿ ರಸ್ತೆ ನಡುವಿಗೆ ಬರಬೇಕು, ಮೊದಲಿಗಿಂತ ಕಷ್ಟ.

ಆಮೇಲೆ ನಮ್ಮಲ್ಲೊಬ್ಬರು ಬೇರೆ ದಾರಿ ಹಿಡಿದರು. ಶಾಲೆ ಬಿಡುವ ಹೊತ್ತಿಗೆ ತಿರುವಿನಲ್ಲಿ ನಿಂತು ಎಣಿಸಿದರು. ನಡೆದು ಹೋಗುವ ಮಕ್ಕಳೆಷ್ಟು, ಸೈಕಲ್ಲಿನವರೆಷ್ಟು, ಕಾರಿನಲ್ಲಿ ಬರುವವರೆಷ್ಟು. ಕಾಗದದ ಮೇಲೆ ಅಂಕಿ ಬಂದ ಮೇಲೆ ಸಭೆಯಲ್ಲಿ ಮಾತಿನ ಧಾಟಿಯೇ ಬದಲಾಯಿತು. "ಯಾರು ಸೈಕಲ್ ತುಳಿಯುತ್ತಾರೆ ಈಗ?" ಎಂದು ಕೇಳುತ್ತಿದ್ದವರು ಸುಮ್ಮನಾದರು. ಶಾಲೆಯ ಎರಡೂ ಕಡೆ ಉಬ್ಬು ಹಾಕಿಸಿದರು, ತಿರುವಿನ ಮೂಲೆಯನ್ನು ಹೊರಕ್ಕೆ ಚಾಚಿ ಕಟ್ಟಿದರು, ಗಾಡಿಗಳು ಈಗ ಅಲ್ಲಿ ನಿಧಾನ ಮಾಡಲೇಬೇಕು. ಪಟ್ಟಿಗೆ ತಡೆಗಂಬ ಮಾತ್ರ ಇನ್ನೂ ಬಂದಿಲ್ಲ. ಕೇಳುತ್ತಲೇ ಇದ್ದೇವೆ.

ಹಳೆಯ ಅಡ್ಡಕಂಬಿ

ಬರಿ ಬಣ್ಣ ರಕ್ಷಣೆ ಅಲ್ಲ. ಇನ್ನೊಂದು, ತುಂಡು ತುಂಡು ಪಥದಿಂದ ಉಪಯೋಗವಿಲ್ಲ. ಸ್ಪೇನಿನ ಸೆವಿಯಾ ನಗರ 2006ರ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 80 ಕಿಲೋಮೀಟರ್ ಪ್ರತ್ಯೇಕ ಪಥ ಕಟ್ಟಿತು. ಅದರ ಗುಟ್ಟು ಉದ್ದದಲ್ಲಿಲ್ಲ, ಎಲ್ಲ ಪಥಗಳೂ ಒಂದಕ್ಕೊಂದು ಕೂಡಿಕೊಂಡದ್ದರಲ್ಲಿದೆ. ನಿಲುಗಡೆಯ ಜಾಗಗಳನ್ನು ತೆಗೆದು ಅದನ್ನು ಮಾಡಿದರು, ವಿರೋಧವನ್ನೂ ಎದುರಿಸಿದರು. ಅದಕ್ಕೆ ಮೊದಲು ಅಲ್ಲಿ ಸೈಕಲ್ ಕಾಣುವುದೇ ಅಪರೂಪವಾಗಿತ್ತು. "ಸೈಕಲ್ಲಿನವರೇ ಇಲ್ಲ, ಪಥ ಯಾಕೆ?" ಎಂಬ ಮಾತು ಹೊಳೆ ಈಜಿ ದಾಟುವವರನ್ನು ಎಣಿಸಿ ಸೇತುವೆ ಬೇಕೋ ಬೇಡವೋ ಎಂದು ನಿರ್ಧರಿಸಿದ ಹಾಗೆ.

ಮೂರನೇ ಗೇರ್

ಎಲ್ಲವನ್ನೂ ಓದಿದೆ. ಕ್ಯಾರಿಯರ್ ಅವರು ಹೇಳಿದ ದೀಪದ ಲೆಕ್ಕ ನನ್ನ ಮನಸ್ಸಿನಲ್ಲಿ ನಿಂತಿದೆ. ಆದರೂ ನನ್ನ ಮೊದಲ ಮಾತಿಗೆ ಅಂಟಿಕೊಂಡೇ ಇದ್ದೇನೆ, ಯಾಕೆಂದು ಹೇಳುತ್ತೇನೆ.

ನನ್ನ ಜೊತೆ ಸೈಕಲ್ ತುಳಿಯುವ ಗೆಳೆಯ ಮತ ಹಾಕುವುದು ನಾನು ಹಾಕದ ಪಕ್ಷಕ್ಕೆ. ಹಾಗೆಂದು ಮಾತಾಡುವುದೇ ಇಲ್ಲವೆಂದಲ್ಲ, ಎಷ್ಟೋ ಸಲ ಆಡಿದ್ದೇವೆ. ಪಕ್ಕಪಕ್ಕದಲ್ಲಿ ತುಳಿಯುವಾಗ ಇಬ್ಬರ ಕಣ್ಣೂ ಮುಂದಿನ ರಸ್ತೆಯ ಮೇಲಿರುತ್ತದೆ, ಮುಖ ಮುಖ ನೋಡಿ ಕೆರಳುವುದಿಲ್ಲ. ಏರಿನಲ್ಲಿ ಯಾರಿಗೂ ಭಾಷಣ ಮಾಡಲು ಉಸಿರಿರುವುದಿಲ್ಲ. ಅವನು ಒಂದು ಮಾತು ಹೇಳುತ್ತಾನೆ, ನಾನು ಉತ್ತರ ಕೊಡುವಷ್ಟರಲ್ಲಿ ಒಂದು ಗುಂಡಿ ಬರುತ್ತದೆ, "ಗುಂಡಿ!" ಎಂದು ಕೂಗಿ ಎಚ್ಚರಿಸುತ್ತೇನೆ. ಆ ಕೂಗಿನಲ್ಲಿ ಪಕ್ಷ ಇಲ್ಲ. ಇದನ್ನು ಕಾಪಾಡಿಕೊಳ್ಳಬೇಕು ಎಂಬುದಷ್ಟೇ ನನ್ನ ವಾದ. ಅವನ ತಂದೆ ಕಾಯಿಲೆ ಬಿದ್ದಾಗ ಆಸ್ಪತ್ರೆಯಲ್ಲಿ ಜೊತೆಗೆ ಕೂತಿದ್ದೆ. ನಮ್ಮ ಮಾತುಕತೆಯನ್ನು ಫೋನಿನಲ್ಲಿ ನಡೆಸಿದ್ದರೆ ಇಷ್ಟು ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿರುತ್ತಿದ್ದೆವು.

ಎದುರುಗಾಳಿ

ಮೂರನೇ ಗೇರ್ ಅವರೇ, ನಿಮ್ಮ ಗೆಳೆಯನ ಸೈಕಲ್ಲೂ ಅದೇ ಗುಂಡಿಗೆ ಬೀಳುತ್ತದೆ. ಹಾಗಾದರೆ ಆ ಗುಂಡಿ ಮುಚ್ಚಿಸುವ ಅರ್ಜಿಗೆ ಇಬ್ಬರೂ ಒಟ್ಟಿಗೆ ಸಹಿ ಹಾಕಬಹುದಲ್ಲವೇ? ಪಕ್ಷದ ರಾಜಕೀಯ ಬೇಡವೆಂದರೆ ಬೇಡ. ನಾನು ಕೇಳುತ್ತಿರುವುದು ಅದಕ್ಕಿಂತ ಕೆಳಗಿನ ಹಂತದ್ದು, ನಮ್ಮ ಬೀದಿಯ ಗೆರೆ ಎಳೆಯುವ ಕೋಣೆಯಲ್ಲಿ ನಾವೂ ಕೂರುವುದು. ಟಿವಿಯ ಚರ್ಚೆಯಲ್ಲಿ ನಿಮ್ಮ ಮಾತಿಗೂ ನನ್ನ ಮಾತಿಗೂ ಬೆಲೆ ಇಲ್ಲ. ಆ ಕೋಣೆಯಲ್ಲಿ ಹತ್ತು ಜನ ಹೋಗಿ ಕೂತರೆ ಬೆಲೆ ಇದೆ. ಓಣಿಯ ತಿರುವಿನ ತಾಯಂದಿರು ಅದನ್ನೇ ಮಾಡಿದ್ದಾರೆ.

ಮೂರನೇ ಗೇರ್

ಸಹಿಗೆ ಅಭ್ಯಂತರವಿಲ್ಲ, ಅವನನ್ನೂ ಕೇಳುತ್ತೇನೆ. ಯಾವ ಪಕ್ಷದ ಚಿಹ್ನೆಯೂ ಆ ಕಾಗದದ ಮೇಲೆ ಇರಬಾರದು, ಯಾವ ನಾಯಕರ ಜೊತೆಯೂ ಫೋಟೋ ಬೇಡ.

ಸ್ಟೀರಿಂಗ್ ಹಿಡಿದವನು

ಕರಡು ಮಾಡಿದರೆ ನನ್ನ ಹೆಸರನ್ನೂ ಸೇರಿಸಿ. ಸೈಕಲ್ಲಿನವರು ಮಾತ್ರ ಸಹಿ ಹಾಕಿದರೆ ಅದನ್ನು ಬದಿಗಿಡುತ್ತಾರೆ, ಚಾಲಕರದ್ದೂ ಇದ್ದರೆ ಓದುತ್ತಾರೆ. ಸಾಮಾನು ಇಳಿಸಲು ಗಾಡಿ ನಿಲ್ಲಿಸುವ ಜಾಗವನ್ನೂ ಅದರಲ್ಲಿ ಬರೆಯಿರಿ. ಅದು ಇಲ್ಲದಿದ್ದರೆ ನಮ್ಮವರು ನಿಮ್ಮ ಪಥದಲ್ಲೇ ನಿಲ್ಲಿಸುತ್ತಾರೆ, ಬೇರೆ ದಾರಿ ಇರುವುದಿಲ್ಲ.

ಬಿಳಿ ಕೋಲು

ಕಾಲುದಾರಿಯಿಂದ ಜಾಗ ತೆಗೆಯಬಾರದು ಎಂಬ ಸಾಲು ಮೊದಲ ಪುಟದಲ್ಲೇ ಇರಲಿ.

ಹಿಂದಿನ ಕ್ಯಾರಿಯರ್

ಪಥದ ಕೆಲಸಕ್ಕೆ ಟೆಂಡರು, ಅಳತೆ, ತಕರಾರು ಎಂದು ಕಾಲ ಹಿಡಿಯುತ್ತದೆ. ಕೆಟ್ಟ ಬೀದಿದೀಪ ಬದಲಾಯಿಸಲು ಅದೆಲ್ಲ ಬೇಕಿಲ್ಲ. ಯಾವ ಯಾವ ಕಂಬದ ದೀಪ ಉರಿಯುತ್ತಿಲ್ಲ ಎಂದು ಕಂಬದ ಸಂಖ್ಯೆ ಸಮೇತ ಪಟ್ಟಿ ಮಾಡಿ ಅರ್ಜಿಯ ಜೊತೆ ಲಗತ್ತಿಸಿ. ರಾತ್ರಿ ಪಾಳಿ ಮುಗಿಸಿ ಬರುವ ದಾರಿಯದ್ದನ್ನು ನಾನು ಬರೆದುಕೊಡುತ್ತೇನೆ, ಉಳಿದವರು ತಮ್ಮ ತಮ್ಮ ದಾರಿಯದ್ದನ್ನು ಕೊಡಿ. ಮೊದಲು ದೀಪ ಕೇಳೋಣ.